ಹೈಸ್ಕೂಲ್ ಪಾಠದ ಜೊತೆ ಕಸುಬು ಸೇರಿಸೋದು ಹೇಗೆ, ಅಡಿಕೆ ತೋಟದಿಂದ್ಲೇ ಶುರು ಮಾಡಿ

ಓದು ಹತ್ತದಿರೋ ಹುಡುಗ್ರನ್ನ ಬೇರೆ ಕೂರ್ಸಿ ಏನೋ ಒಂದು ಕೆಲಸ ಹೇಳ್ಕೊಡೋದು ಕಸುಬು ಶಿಕ್ಷಣ ಅಲ್ಲ, ದಯವಿಟ್ಟು ಹಾಗೆ ಶುರು ಮಾಡ್ಬೇಡಿ. ಕೈಕೆಲಸದ ಮೂಲಕನೇ ಉಳಿದ ಪಾಠ ಬರ್ಬೇಕು ಅಂತ ಗಾಂಧೀಜಿ 1937ರಲ್ಲೇ ವಾರ್ಧಾದಲ್ಲಿ ಹೇಳಿದ್ರು. ತೀರ್ಥಹಳ್ಳಿ ಕಡೆ ಸೈನ್ಸ್ ಮೇಷ್ಟ್ರಾಗಿ ನನಗೆ ಗೊತ್ತಿರೋ ದಾರಿ ಹೇಳ್ತೀನಿ.

ಮೊದ್ಲು ಮಕ್ಕಳ ಮನೇಲಿ ಏನೇನು ಕಸುಬಿದೆ ಬರ್ಕೊಳ್ಳಿ. ಸಾಗರ ಸೊರಬ ಆದ್ರೆ ಗುಡಿಗಾರರ ಮರದ ಕೆತ್ತನೆ, ಹೆಗ್ಗೋಡಲ್ಲಿ ಕೈಮಗ್ಗ, ನಮ್ಮಲ್ಲಿ ಅಡಿಕೆ. ಆಮೇಲೆ ಪಠ್ಯಪುಸ್ತಕ ಪಕ್ಕದಲ್ಲಿಟ್ಟು ಎಲ್ಲೆಲ್ಲಿ ಕೂಡುತ್ತೆ ನೋಡಿ.

ಮಳೆ ಹಿಡಿಯೋ ಮುಂಚೆ, ಅಡಿಕೆ ಕಾಯಿ ಕೊಳೆತು ಉದುರೋ ಕೊಳೆರೋಗಕ್ಕೆ ಬೋರ್ಡೋ ಅನ್ನೋ ಮದ್ದು ಹೊಡಿತಾರಲ್ಲ, ಅದೇ ತಗೊಳ್ಳಿ. 1 ಕೇಜಿ ಮೈಲುತುತ್ತ (ಅಂದ್ರೆ ತಾಮ್ರದ ಸಲ್ಫೇಟ್) 50 ಲೀಟರ್ ನೀರಲ್ಲಿ, 1 ಕೇಜಿ ಸುಣ್ಣ ಇನ್ನೊಂದು 50 ಲೀಟರಲ್ಲಿ, ಸೇರಿಸಿದ್ರೆ ಶೇಕಡಾ 1ರ ದ್ರಾವಣ. ಕ್ಲಾಸಿಗೆ ಹತ್ತತ್ತು ಗ್ರಾಂ, ಅರ್ಧರ್ಧ ಲೀಟರ್ ನೀರು, ಪ್ಲಾಸ್ಟಿಕ್ ಬಕೆಟ್ ಸಾಕು, ಗ್ರಾಂ ಲೆಕ್ಕ ಮಕ್ಕಳೇ ಹಾಕ್ಲಿ. ಕಬ್ಬಿಣದ ಚೂರಿ ಅದ್ದಿ ತೆಗೆದಾಗ ಕೆಂಪಗೆ ತಾಮ್ರ ಹಿಡಿದಿದ್ರೆ ಸುಣ್ಣ ಸಾಲ್ಲಿಲ್ಲ ಅಂತ ತೋಟದವ್ರಿಗೆಲ್ಲ ಗೊತ್ತು, ಹತ್ತನೇ ಕ್ಲಾಸಲ್ಲಿ ತಾಮ್ರದ ಸಲ್ಫೇಟಿಗೆ ಮೊಳೆ ಹಾಕೋ ಪ್ರಯೋಗ ಇದೆಯಲ್ಲ, ಕಬ್ಬಿಣ ತಾಮ್ರದ ಜಾಗ ಹಿಡಿಯೋ ಸ್ಥಾನಪಲ್ಲಟ ಕ್ರಿಯೆ, ಅದೇ ಇದು! ಅಪ್ಪ ಮಾಡೋ ಕೆಲಸ ಪುಸ್ತಕದಲ್ಲಿದೆ ಅಂತ ಗೊತ್ತಾದ ದಿನ ಹಿಂದಿನ ಬೆಂಚಿನವ್ರೂ ಮುಂದೆ ಬಂದು ನಿಲ್ತಾರೆ. ಅಡಿಕೆ ಕೊಯ್ಯೋ ದೋಟಿ ಕೋಲು ಎಷ್ಟುದ್ದ ಬೇಕು ಅನ್ನೋದಕ್ಕೆ ಮರದ ಎತ್ತರ ಅಳೀರಿ, ತ್ರಿಕೋನಮಿತಿ ಅಲ್ಲೇ ಬಂತು. ಮರ ಹತ್ತೋದು, ಮದ್ದು ಹೊಡಿಯೋದು ಮಾತ್ರ ಮಕ್ಕಳ ಕೈಲಿ ಮಾಡಿಸ್ಲೇಬಾರ್ದು.

ಮರ ಹತ್ತಿ ಅಡಿಕೆ ಕೊನೆ ಇಳಿಸೋ ಕೊನೆಗೌಡ್ರನ್ನ, ಗ್ಯಾರೇಜಿನವ್ರನ್ನ ಕ್ಲಾಸಿಗೆ ಕರೀರಿ, ಬಂದಿದ್ದಕ್ಕೆ ಕೂಲಿ ಲೆಕ್ಕದಲ್ಲಾದ್ರೂ ದುಡ್ಡು ಕೊಡಿ, ಕೆಲಸಕ್ಕೆ ಮಾರ್ಕ್ಸ್ ಹಾಕೋವಾಗ ಅವ್ರನ್ನೂ ಕೇಳಿ. ಜರ್ಮನೀಲಿ ಹುಡುಗ್ರು ವಾರಕ್ಕೆ ಒಂದೆರಡು ದಿನ ಶಾಲೆ, ಉಳಿದ ದಿನ ಕಂಪನೀಲಿ ಸಂಬಳ ತಗೊಂಡು ಕಲಿತಾರೆ, 1969ರಿಂದ ಅದಕ್ಕೊಂದು ಕಾನೂನೇ ಇದೆ, ಪರೀಕ್ಷಾ ಮಂಡಳೀಲಿ ಮಾಲೀಕರ ಕಡೆಯವ್ರು, ಕಾರ್ಮಿಕರ ಕಡೆಯವ್ರು, ಮೇಷ್ಟ್ರು ಮೂವರೂ ಕೂರ್ತಾರೆ. ಆದ್ರೆ ಅಲ್ಲಿ ಬಹಳಷ್ಟು ರಾಜ್ಯಗಳಲ್ಲಿ ಹತ್ತು ವರ್ಷಕ್ಕೇ ಮಕ್ಕಳನ್ನ ಬೇರೆ ಬೇರೆ ಶಾಲೆಗೆ ಹಾಕ್ತಾರೆ, ಅದು ನಮಗೆ ಬೇಡ. ಫಿನ್‌ಲೆಂಡ್ ದಾರಿ ನನಗೆ ಇಷ್ಟ, ಒಂಬತ್ತನೇ ಕ್ಲಾಸಿನ ತನಕ ಎಲ್ಲರೂ ಒಟ್ಟಿಗೆ, ಕೈಕೆಲಸ ಎಲ್ಲರಿಗೂ ಪಾಠ, ಆಮೇಲೆ ಕಸುಬಿನ ಕಡೆ ಹೋದವ್ರೂ ಯೂನಿವರ್ಸಿಟಿಗೆ ಅರ್ಜಿ ಹಾಕ್ಬಹುದು.

ಇನ್ನು ಪೋಷಕರ ಸಭೆ. ಲೇತ್ ಕೆಲಸ ಅಂದ್ರೆ ಪ್ರಾಣ ಬಿಡ್ತಿದ್ದ ನನ್ನೊಬ್ಬ ಶಿಷ್ಯನ್ನ, ಐಟಿಐಗೆ ಹೋದ್ರೆ ಅಲ್ಲಿಗೇ ಮುಗೀತು ಅಂತ ಮನೆಯವ್ರು ಕಳಿಸ್ಲೇ ಇಲ್ಲ, ನಾನು ಮೊದ್ಲೇ ಕೂತು ಹೇಳ್ಬೇಕಿತ್ತು, ಈಗ್ಲೂ ಬೇಜಾರಿದೆ. ಅದಕ್ಕೇ ಬೋರ್ಡ್ ಮೇಲೆ ಬರೆದು ತೋರ್ಸಿ: ಎಸ್ಸೆಸ್ಸೆಲ್ಸಿ ಆದ್ಮೇಲೆ ಎರಡು ವರ್ಷದ ಐಟಿಐ, ಅಲ್ಲಿಂದ ಸೀದಾ ಡಿಪ್ಲೊಮಾ ಎರಡನೇ ವರ್ಷ, ಅದು ಮುಗಿಸಿ ಡಿಸಿಇಟಿ (ಡಿಪ್ಲೊಮಾ ಆದವ್ರ ಪ್ರವೇಶ ಪರೀಕ್ಷೆ) ಬರೆದ್ರೆ ಬಿಇ ಎರಡನೇ ವರ್ಷ. ಐಟಿಐ ಆದವ್ರು ಎನ್‌ಐಒಎಸ್ (ಕೇಂದ್ರದ ಮುಕ್ತ ಶಾಲಾ ಸಂಸ್ಥೆ) ಮೂಲಕ ಹನ್ನೆರಡನೇ ಕ್ಲಾಸ್ ಸರ್ಟಿಫಿಕೇಟೂ ತಗೋಬಹುದು. ಈ ಸಭೆ ಎಂಟನೇ ಕ್ಲಾಸಲ್ಲೇ ಕರೀರಿ, ರಿಸಲ್ಟ್ ಬಂದ್ಮೇಲೆ ಕರೆದ್ರೆ ಯಾರೂ ಕೇಳಿಸ್ಕೊಳ್ಳಲ್ಲ.