ರಾಜೀನಾಮೆ ಪತ್ರಕ್ಕೆ ನಾನು ಸಹಿ ಹಾಕಲಿಲ್ಲ

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ, ಅಂದರೆ ಲೋಹದ ಎರಕದ ಕಾರ್ಖಾನೆಯಲ್ಲಿ, 24 ವರ್ಷ ದುಡಿದೆ. ಕೊನೆಯ ವರ್ಷಗಳಲ್ಲಿ ಇನ್‌ಸ್ಪೆಕ್ಷನ್‌ನಲ್ಲಿದ್ದೆ, ತಯಾರಾದ ಭಾಗಗಳನ್ನು ಅಳೆದು ತಪಾಸಣೆ ಮಾಡುವ ಕೆಲಸ. ವಯಸ್ಸು 54 ದಾಟಿದ ಮೇಲೆ ಕಿರಿಕಿರಿ ಶುರುವಾಯಿತು. ಮೊದಲು ಓವರ್‌ಟೈಮ್ ನಿಲ್ಲಿಸಿದರು. ಆಮೇಲೆ ಫೆಟ್ಲಿಂಗ್‌ಗೆ ಹಾಕಿದರು. ಗ್ರೈಂಡರ್ ಹಿಡಿದು ಎರಕದ ಭಾಗ (ಕಾಸ್ಟಿಂಗ್) ಉಜ್ಜುವ ಕೆಲಸ ಅದು, ಹರೆಯದ ಹುಡುಗರೇ ಸಂಜೆಗೆ ಸೊಂಟ ಹಿಡಿದುಕೊಂಡು ಹೋಗುತ್ತಾರೆ. ಬೇಸತ್ತು ಇವನೇ ಬಿಟ್ಟು ಹೋಗಲಿ ಅಂತ ಲೆಕ್ಕ.

ನಾನು ಹೋಗಲಿಲ್ಲ. ಎಚ್‌ಆರ್ ಹುಡುಗ ಕರೆದ. "ಕಾಕಾ, ಇನ್ನ ಮನ್ಯಾಗ ಆರಾಮ ಇರ್ರಿ. ಇಲ್ಲೊಂದು ಸಹಿ ಹಾಕ್ರಿ, ಎರಡು ತಿಂಗಳ ಪಗಾರ ಜಾಸ್ತಿ ಕೊಡಸ್ತೀನಿ." ಕಾಗದ ಇಂಗ್ಲಿಷಿನಲ್ಲಿ ಟೈಪ್ ಆಗಿತ್ತು. ನನ್ನ ಹೆಸರು ಇತ್ತು, ತಾರೀಖಿನ ಜಾಗ ಖಾಲಿ. ಮನೆಯ ಅಡಚಣೆಯಿಂದ ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ ಅಂತ ಬರೆದಿತ್ತು. ಮಗನಿಗೆ ತೋರಿಸಿ ಬರ್ತೀನಿ ಅಂದು ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಂಡು ಎದ್ದೆ.

ಮನೆಯಲ್ಲಿ ಲೆಕ್ಕ ಹಾಕಿದೆವು. ನನ್ನ ಮೂಲ ಪಗಾರ, ತುಟ್ಟಿಭತ್ಯೆ ಸೇರಿ 26,000. ಗ್ರಾಚ್ಯುಟಿಗೆ (ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಕಂಪನಿ ಕೊಡಬೇಕಾದ ಹಣ) ಅದನ್ನು ತಿಂಗಳ 26 ಕೆಲಸದ ದಿನ ಅಂತ 26ರಿಂದ ಭಾಗಿಸಿ, ವರ್ಷಕ್ಕೆ 15 ದಿನದಂತೆ ಹಿಡಿದರೆ 3,60,000. ರಾಜೀನಾಮೆ ಕೊಟ್ಟರೂ ಇದು ಬರುತ್ತದೆ, ಇದರಲ್ಲಿ ಅವರ ಉಪಕಾರವೇನಿಲ್ಲ. ಆದರೆ ಕಂಪನಿಯೇ ತೆಗೆದರೆ ಆಗಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಒಂದು ತಿಂಗಳ ನೋಟಿಸ್, ಅದರ ಮೇಲೆ ವರ್ಷಕ್ಕೆ 15 ದಿನದ ಪಗಾರ ಪರಿಹಾರ ಕೊಡಬೇಕು. ಅದೇ ಸುಮಾರು ಮೂರು ಲಕ್ಷ. ಸಹಿ ಹಾಕಿದ್ದರೆ ಅದಕ್ಕೆ ಎಳ್ಳುನೀರು.

ವಯಸ್ಸಾಯಿತು ಅಂತ ಖಾಸಗಿ ಕಂಪನಿ ತೆಗೆದರೆ, ಅದಕ್ಕೇ ಅಂತ ಬೇರೆ ಕಾಯ್ದೆ ನಮ್ಮಲ್ಲಿಲ್ಲ. ಹಾಗಾಗಿ ಬೇರೆ ಹಿಡಿಕೆ ಹುಡುಕಬೇಕು. ನನಗೆ ಎರಡು ಸಿಕ್ಕವು. ಕರ್ನಾಟಕದ ಮಾದರಿ ಸ್ಥಾಯಿ ಆದೇಶದಲ್ಲಿ (ಕಾರ್ಖಾನೆಗಳ ಸೇವಾ ಷರತ್ತುಗಳಿಗೆ ಸರ್ಕಾರ ಕೊಟ್ಟ ಮಾದರಿ ನಿಯಮ) ನಿವೃತ್ತಿ ವಯಸ್ಸು 2017ರಲ್ಲೇ 58ರಿಂದ 60ಕ್ಕೆ ಏರಿತ್ತು. ಇನ್ನೊಂದು, ಒಂದೇ ಬಗೆಯ ಕೆಲಸದಲ್ಲಿ ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕು ಅನ್ನುವ ನಿಯಮ. ನನ್ನ ನಂತರ ಸೇರಿದ ಇಬ್ಬರು ಇನ್‌ಸ್ಪೆಕ್ಷನ್‌ನಲ್ಲೇ ಇದ್ದರು, ಅಲ್ವಾ?

ಸಹಿ ಸಿಗದಾದಾಗ ಗೇಟಿನಲ್ಲಿ ತಡೆದರು. ಇಲ್ಲಿ ಹುಷಾರಾಗಿರಬೇಕು. ಸುಮ್ನೆ ಮನೆಯಲ್ಲಿ ಕೂತರೆ "ತಾನಾಗಿಯೇ ಬರೋದು ಬಿಟ್ಟ" ಅಂತ ಬರೆದುಬಿಡುತ್ತಾರೆ. ಶಿಫ್ಟ್ ಸಮಯಕ್ಕೆ ಹೋಗಿ ನಿಲ್ಲುತ್ತಿದ್ದೆ. ಕೆಲಸಕ್ಕೆ ಬಂದೆ, ಒಳಗೆ ಬಿಡಲಿಲ್ಲ ಅಂತ ಪತ್ರ ಬರೆದು ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಹಾಕಿದೆ, ರಸೀದಿ ಇಟ್ಟುಕೊಂಡೆ. (2025ರ ಸೆಪ್ಟೆಂಬರ್ 1ರಿಂದ ಅದು ಸ್ಪೀಡ್ ಪೋಸ್ಟ್‌ನಲ್ಲೇ ಸೇರಿಹೋಗಿದೆ.) ಜೊತೆಗೆ ಕಾರ್ಮಿಕ ಇಲಾಖೆಯ ಕಚೇರಿಗೆ ಅರ್ಜಿ ಕೊಟ್ಟೆ.

ಕಾರ್ಮಿಕ ಅಧಿಕಾರಿಯ ಮುಂದೆ ಸಂಧಾನದ ದಿನ ಕಂಪನಿಯವರು, ಇವರು ಸೂಪರ್‌ವೈಸರ್, ಕಾರ್ಮಿಕರಲ್ಲ, ಕಾಯ್ದೆ ಇವರಿಗೆ ಬರೋದಿಲ್ಲ ಅಂದರು. ಹೌದು, ಗುರುತಿನ ಚೀಟಿಯಲ್ಲಿ ಹಾಗೇ ಇತ್ತು. ಹೆಸರು ದೊಡ್ಡದು ಕೊಟ್ಟು ಹಕ್ಕು ಕಸಿಯೋದು ಹಳೇ ಆಟ. ಆದರೆ ನೋಡೋದು ಹುದ್ದೆಯ ಹೆಸರಲ್ಲ, ಮಾಡಿದ ಕೆಲಸ. ನನ್ನ ಕೈಬರಹದ ತಪಾಸಣೆ ಹಾಳೆಗಳ ಫೋಟೊ ತೋರಿಸಿದೆ. ಪಾರ್ಟ್ ನಂಬರ್, ವರ್ನಿಯರ್ ಅಳತೆ ಉಪಕರಣದಲ್ಲಿ ಅಳೆದ ಅಂಕಿ, ಕೆಳಗೆ ನನ್ನ ಸಹಿ. ಯಾರ ರಜೆಯನ್ನೂ ನಾನು ಮಂಜೂರು ಮಾಡಿದವನಲ್ಲ. ಅಧಿಕಾರಿ ಹಾಳೆಗಳನ್ನು ತಿರುವಿ ನೋಡಿ ಕಂಪನಿಯವರ ಮುಖ ನೋಡಿದರು.

ನೋಟಿಸ್ ಪಗಾರ, ಪರಿಹಾರ, ಗ್ರಾಚ್ಯುಟಿ ಎಲ್ಲ ಸೇರಿ ಲಿಖಿತ ಒಪ್ಪಂದ ಆಯಿತು. 60ರ ತನಕ ಕೋರ್ಟಿನಲ್ಲಿ ಹೋರಾಡಬೇಕಿತ್ತು ಅನ್ನುವ ಗೆಳೆಯರೂ ಇದ್ದಾರೆ. ಕೇಸು ಮುಗಿಯುವಷ್ಟರಲ್ಲಿ ನನಗೇ 60 ಆಗಿರುತ್ತಿತ್ತು.

2025ರ ನವೆಂಬರ್ 21ರಿಂದ ಆ ಹಳೇ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ವರ್ಷಕ್ಕೆ 15 ದಿನದ ಪರಿಹಾರ ಅದರಲ್ಲೂ ಉಳಿದಿದೆ. ಆದರೆ ಕೆಲಸದಿಂದ ತೆಗೆದದ್ದನ್ನು ನ್ಯಾಯಮಂಡಳಿಗೆ ಒಯ್ಯುವ ಗಡುವು ಮೂರು ವರ್ಷ ಇದ್ದದ್ದು ಎರಡಕ್ಕೆ ಇಳಿದಿದೆ. ಪಿಎಫ್ ಪಿಂಚಣಿಯನ್ನು ನಾನು ಇನ್ನೂ ಮುಟ್ಟಿಲ್ಲ. 58ಕ್ಕಿಂತ ಮೊದಲೇ ತೆಗೆದುಕೊಂಡರೆ ವರ್ಷಕ್ಕೆ ಶೇ 4ರಂತೆ ಕಡಿತ ಬೀಳುತ್ತದೆ, ಅದೂ ಕೊನೆಯ ತನಕ.