ಸೋರುವ ಕೋಟೆಯ ಕಥೆ ಹೇಳಲು ಕಲಿತದ್ದು

ಇಪ್ಪತ್ತಾರು ವರ್ಷ ಮೈಸೂರಿನಲ್ಲಿ ತಾರಸಿ ಸೋರಿಕೆ ನಿಲ್ಲಿಸುವುದೇ ನನ್ನ ಕಸುಬಾಗಿತ್ತು. ಅಭ್ಯಾಸಬಲ ಸುಮ್ಮನೆ ಬಿಡುತ್ತದೆಯೇ? ಇಂಗ್ಲೆಂಡಿನ ಡೆವನ್‌ನಲ್ಲಿರುವ ಕ್ಯಾಸಲ್ ಡ್ರೋಗೊ ನೋಡಲು ಹೋದ ಮೊದಲ ದಿನ ಉಳಿದವರು ಗೋಪುರದ ಫೋಟೊ ತೆಗೆಯುತ್ತಿದ್ದರೆ, ನಾನು ಮಳೆನೀರು ಎಲ್ಲಿಂದ ಇಳಿಯುತ್ತದೆ ಎಂದು ಗೋಡೆಯ ಬುಡದಲ್ಲಿ ಹುಡುಕುತ್ತಿದ್ದೆ.

ಮಗಳ ಮನೆ ಎಕ್ಸೆಟರ್‌ನಲ್ಲಿ. ಅಲ್ಲಿಗೆ ಬಂದುಹೋಗುವ ಕನ್ನಡದ ಸ್ನೇಹಿತರು ವಾರಾಂತ್ಯದಲ್ಲಿ ಡ್ರೋಗೊಗೆ ಹೊರಟಾಗಲೆಲ್ಲ "ಅಂಕಲ್, ಕಥೆ ನೀವೇ ಹೇಳಿ" ಎನ್ನುತ್ತಾರೆ. ಮೊದಲ ಸಲ ಹೇಳಿ ಕೆಟ್ಟೆ. ನೋಟ್‌ಬುಕ್ಕಿನಲ್ಲಿ ಇಸವಿಗಳನ್ನು ಸಾಲಾಗಿ ಬರೆದುಕೊಂಡು, ಫ್ರಾನ್ಸಿನ ಕಡೆಯಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರ ಪೈಕಿ ಹನ್ನೆರಡನೆಯ ಶತಮಾನದ ಒಬ್ಬ ಸರದಾರನಿಂದ ಆರಂಭಿಸಿದೆ. ಅಂಗಳ ದಾಟುವಷ್ಟರಲ್ಲಿ ಮಕ್ಕಳು ಓಡಿಹೋದರು, ದೊಡ್ಡವರು ಮೊಬೈಲ್ ತೆಗೆದರು. ಒಬ್ಬ ಹುಡುಗ ಮಾತ್ರ ನಿಂತು "ಇಲ್ಲಿ ಯುದ್ಧ ಯಾವಾಗ ಆಯಿತು?" ಎಂದು ಕೇಳಿದ. ಯುದ್ಧ ಎಂದೂ ಆಗಿಲ್ಲ. ಈ ಕೋಟೆಗೆ ಅಡಿಗಲ್ಲು ಬಿದ್ದದ್ದೇ 1911ರ ಏಪ್ರಿಲ್ 4ರಂದು. ಅಷ್ಟು ಹೊತ್ತು ಮಾತನಾಡಿಯೂ ಅದೊಂದನ್ನೇ ನಾನು ಹೇಳಿರಲಿಲ್ಲ.

ಆ ರಾತ್ರಿ ನೋಟ್‌ಬುಕ್ ಬದಿಗಿಟ್ಟು, ಗಿರಾಕಿಯ ಮನೆಗೆ ಹೋದಾಗ ಏನು ಕೇಳುತ್ತಿದ್ದೆನೋ ಅದನ್ನೇ ಕೇಳಿಕೊಂಡೆ. ಕಟ್ಟಿಸಿದವರು ಯಾರು, ಅವರಿಗೆ ಏನು ಬೇಕಿತ್ತು, ಕಟ್ಟಿದವರು ಏನು ಕೊಟ್ಟರು, ನೀರು ಎಲ್ಲಿ ಹೊಕ್ಕಿತು. ಕಥೆ ತಾನಾಗಿ ಸರಿಯಾದ ಸಾಲಿಗೆ ಬಂತು.

ಕಟ್ಟಿಸಿದವರು ಜೂಲಿಯಸ್ ಡ್ರೂ. ಚಹಾ ಖರೀದಿಯಿಂದ ಮೇಲೆ ಬಂದು, 'ಹೋಮ್ ಅಂಡ್ ಕಲೋನಿಯಲ್ ಸ್ಟೋರ್ಸ್' ಎಂಬ ಅಂಗಡಿಗಳ ಸರಪಳಿ ಕಟ್ಟಿ, 33ನೆಯ ವಯಸ್ಸಿಗೇ ವ್ಯಾಪಾರದಿಂದ ನಿವೃತ್ತರಾದ ಮನುಷ್ಯ. ಹಣ ಬಂದ ಮೇಲೆ ವಂಶದ ಹುಡುಕಾಟ ಶುರುವಾಗುವುದು ಎಲ್ಲ ಊರಿನಲ್ಲೂ ಇದ್ದದ್ದೇ. ವಂಶಾವಳಿ ತಜ್ಞರೊಬ್ಬರು ಇವರನ್ನು ಡ್ರೋಗೊ ಎಂಬ ನಾರ್ಮನ್ ಸರದಾರನ ಪೀಳಿಗೆಗೆ ಸೇರಿಸಿದರು. ಆ ಸರದಾರನ ಹೆಸರು ಅಂಟಿಕೊಂಡ ಊರು ಡ್ರೂಸ್‌ಟೀನ್ಟನ್. ಅದರ ಹತ್ತಿರವೇ, ಟೀನ್ ನದಿಯ ಕಣಿವೆಯ ನೆತ್ತಿಯ ಮೇಲೆ ಜಾಗ ಕೊಂಡು, ಪೂರ್ವಜನಿಗೆ ಒಪ್ಪುವ ಕೋಟೆ ಬೇಕೆಂದರು. ಅಡಿಗಲ್ಲಿನ ದಿನ ಅವರ 55ನೆಯ ಹುಟ್ಟುಹಬ್ಬ.

ವಾಸ್ತುಶಿಲ್ಪಿ ಎಡ್ವಿನ್ ಲಟ್ಯೆನ್ಸ್. ಈ ಹೆಸರು ಹೇಳಿದೊಡನೆ ನಮ್ಮವರ ಕಿವಿ ನಿಮಿರುತ್ತದೆ. ನವದೆಹಲಿಯ ನಕ್ಷೆ ಬರೆದವರಲ್ಲವೇ! ಆ ನವದೆಹಲಿಗೆ ದೊರೆ ಐದನೆಯ ಜಾರ್ಜ್ ಅಡಿಗಲ್ಲಿಟ್ಟದ್ದು ಅದೇ 1911ರ ಡಿಸೆಂಬರ್‌ನಲ್ಲಿ. ಮರುವರ್ಷ ಲಟ್ಯೆನ್ಸ್ ಭಾರತಕ್ಕೆ ಬಂದರು. ಡ್ರೋಗೊ ಮುಗಿದದ್ದು 1930ರಲ್ಲಿ, ನವದೆಹಲಿಯ ಉದ್ಘಾಟನೆ 1931ರ ಫೆಬ್ರುವರಿಯಲ್ಲಿ. ಅಂದರೆ ಇಂದಿನ ರಾಷ್ಟ್ರಪತಿ ಭವನದ ನಕ್ಷೆ, ಈ ಅಂಗಡಿ ಸಾಹುಕಾರರ ಮನೆಯ ನಕ್ಷೆ ಎರಡೂ ಒಂದೇ ಕಾಲದಲ್ಲಿ ಒಂದೇ ತಲೆಯಲ್ಲಿ ಓಡುತ್ತಿದ್ದವು. ಲಟ್ಯೆನ್ಸ್ ಪತ್ನಿ ಎಮಿಲಿ ವೈಸರಾಯ್ ಲಿಟ್ಟನ್‌ನ ಮಗಳು, ತತ್ತ್ವಚಿಂತಕ ಜಿಡ್ಡು ಕೃಷ್ಣಮೂರ್ತಿಯವರನ್ನು ತಾಯಿಯಂತೆ ನೋಡಿಕೊಂಡವರು. ಈ ಮಾತು ಬಂದರೆ ಗುಂಪಿನಲ್ಲಿ ಯಾರಾದರೂ ಒಬ್ಬರು ಕೃಷ್ಣಮೂರ್ತಿಯವರ ಕಡೆಗೆ ಹೊರಳಿಬಿಡುತ್ತಾರೆ. ಮತ್ತೆ ಎಳೆದು ತರಬೇಕು.

ಈ ಮನೆಯ ಬಗ್ಗೆ ಲಟ್ಯೆನ್ಸ್ ಎಮಿಲಿಗೆ ಬರೆದ ಕಾಗದವೊಂದಿದೆ. ಡ್ರೂ ಕೋಟೆ ಕೇಳುವ ಬದಲು ವಿಶಾಲ ಕೋಣೆಗಳ ಒಂದು ಚೆಂದದ ಮನೆ ಕೇಳಬಾರದಿತ್ತೇ ಎಂದು ಅದರಲ್ಲಿ ಹಲುಬಿದ್ದಾರೆ. ನಾನು ಮೊದಮೊದಲು ಸೋರಿಕೆಯ ತಪ್ಪನ್ನೆಲ್ಲ ಲಟ್ಯೆನ್ಸ್ ತಲೆಗೆ ಕಟ್ಟುತ್ತಿದ್ದೆ. ಈ ಕಾಗದದ ವಿಷಯ ತಿಳಿದ ಮೇಲೆ ಮಾತು ತಿದ್ದಿಕೊಂಡೆ.

ಈಗ ಗುಂಪನ್ನು ನೇರವಾಗಿ ಹೊರಗೋಡೆಯ ಮುಂದೆ ನಿಲ್ಲಿಸಿ, ಮೇಲೆ ಗೋಡೆಯ ಅಂಚಿನಲ್ಲಿ ಹಲ್ಲುಗಳಂತೆ ಎದ್ದಿರುವ ಕೋಟೆಯ ತೆನೆಗಳನ್ನು ತೋರಿಸುತ್ತೇನೆ. ತೆನೆ ಬೇಕೆಂದರೆ ಇಳಿಜಾರು ಮಾಡು ಇರುವಂತಿಲ್ಲ, ಸಪಾಟು ತಾರಸಿಯೇ ಆಗಬೇಕು. ಸೂರು ಗೋಡೆಯಿಂದ ಆಚೆ ಚಾಚುವುದಿಲ್ಲ, ಬಿದ್ದ ಮಳೆಯೆಲ್ಲ ಗೋಡೆಯ ಮೈ ಮೇಲೆಯೇ. ಮೈಯೆಲ್ಲ ಗ್ರಾನೈಟ್. ಗ್ರಾನೈಟ್ ನೀರು ಕುಡಿಯುವುದಿಲ್ಲ ನಿಜ, ಆದರೆ ಗಾರೆ ಕುಡಿಯುತ್ತದೆ. ಕಲ್ಲು ಬೇಡವೆಂದ ನೀರೆಲ್ಲ ಸಂದಿಗೆ ನುಗ್ಗುತ್ತದೆ. ಗೋಡೆಯ ನಡುವೆ ಟೊಳ್ಳು ಬಿಟ್ಟಿದ್ದರೆ ನೀರು ಅಲ್ಲೇ ಕೆಳಗಿಳಿದು ಹೋಗುತ್ತಿತ್ತು. ಡ್ರೂ ಅವರಿಗೆ ಹಳೆಯ ಕಾಲದಂತೆ ಗಟ್ಟಿ ಗೋಡೆಯೇ ಬೇಕಿತ್ತು. ಇನ್ನು ತಾರಸಿಗೆ ಹಾಸಿದ್ದು ಆಸ್ಫಾಲ್ಟ್. ಡಾರ್ಟ್‌ಮೂರ್ ಎಂಬ ಈ ಗುಡ್ಡಗಾಡಿನ ಬಿಸಿಲಿಗೆ ಹಿಗ್ಗಿ, ಚಳಿಗೆ ಕುಗ್ಗಿ ಅದು ಸೀಳಿತು. ಮನೆ ಮೊದಲಿನಿಂದಲೂ ಸೋರಿತು.

ಇದನ್ನು ಹೇಳುವಾಗ ಬೆರಳಿನಿಂದ ಒಂದು ಸಂದಿಯ ಉದ್ದಕ್ಕೂ ಗೀರುತ್ತೇನೆ. ಇಸವಿಗಳು ಮಾಡದ ಕೆಲಸವನ್ನು ಆ ಬೆರಳು ಮಾಡುತ್ತದೆ, ಎಲ್ಲರೂ ಬಗ್ಗಿ ನೋಡುತ್ತಾರೆ.

ಕಳೆದ ಸಲ ಬಂದಿದ್ದವರಲ್ಲಿ ತಿಪಟೂರಿನ ಒಬ್ಬ ಹಿರಿಯಮ್ಮ ಇದ್ದರು. ಎಲ್ಲ ಕೇಳಿಸಿಕೊಂಡು, "ಅಲ್ಲಪ್ಪಾ, ಇಷ್ಟು ದುಡ್ಡು ಸುರಿದು ಸೋರುವ ಮನೆ ಕಟ್ಟಿಸಿದರೇ? ನಮ್ಮ ಹೆಂಚಿನ ಮನೆಯೇ ವಾಸಿ" ಎಂದರು. ನನ್ನ ಅರ್ಧ ಗಂಟೆಯ ವಿವರಣೆ ಒಂದೇ ಮಾತಿನಲ್ಲಿ ಮುಗಿಯಿತು. ಕಟ್ಟಡಕ್ಕೆ ಗೊತ್ತುಮಾಡಿದ್ದು 50,000 ಪೌಂಡ್ ಎಂದೆ. "ಆ ಕಾಲಕ್ಕೆ?" ಎಂದು ತಲೆ ಕೊಡವಿದರು.

ದುರಸ್ತಿಯ ಭಾಗವನ್ನು ನಾನು ಬೇಗ ಮುಗಿಸುತ್ತೇನೆ, ಕಸುಬಿನ ಮಾತು ಶುರುವಾದರೆ ನನಗೆ ನಿಲ್ಲಿಸಲು ಬರುವುದಿಲ್ಲ. 1974ರಲ್ಲಿ ಮನೆ, ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಸೇರಿತು. 2013ರಲ್ಲಿ ದೊಡ್ಡ ದುರಸ್ತಿ ಆರಂಭವಾಗಿ ಹಲವು ವರ್ಷ ನಡೆಯಿತು. ತೆನೆಯ ಕಲ್ಲುಗಳನ್ನು ಬಿಚ್ಚಿ ಕೆಳಗಿಳಿಸಿ, ಹೊಸ ಪದರ ಹಾಸಿ, ಮತ್ತೆ ಅದೇ ಜಾಗಕ್ಕೆ ಕೂರಿಸಿದರು. 900ಕ್ಕೂ ಹೆಚ್ಚು ಕಿಟಕಿಗಳ ದುರಸ್ತಿಯೂ ಆಯಿತು. ಅಷ್ಟು ಸಾಕು.

ಮನೆಯೊಳಗೆ ನಾನು ದನಿ ತಗ್ಗಿಸುವ ಜಾಗ ಒಂದಿದೆ. ಡ್ರೂ ಅವರ ಹಿರಿಯ ಮಗ ಏಡ್ರಿಯನ್ 1917ರಲ್ಲಿ ಮೊದಲ ಮಹಾಯುದ್ಧದಲ್ಲಿ ತೀರಿಕೊಂಡ. ಅವನ ನೆನಪಿಗೊಂದು ಕೋಣೆ ಇಟ್ಟಿದ್ದಾರೆ. ಅಷ್ಟರಲ್ಲೇ ಕೋಟೆಯ ಆಸೆಯೂ ಕುಗ್ಗಿತ್ತು, ಮೊದಲ ನಕ್ಷೆಯ ದೊಡ್ಡ ಸಭಾಂಗಣ ಮೇಲೇಳಲೇ ಇಲ್ಲ. ಅದರ ಅಡಿಯ ನೆಲಮಾಳಿಗೆ ಪ್ರಾರ್ಥನಾ ಮಂದಿರವಾಯಿತು. ಜೂಲಿಯಸ್ ಡ್ರೂ ಮನೆ ಮುಗಿದ ಮರುವರ್ಷ, 1931ರಲ್ಲಿ ಹೋದರು.

ಕೊನೆಗೆ ಅಡುಗೆಮನೆ. ಹೊರಗೋಡೆಗೆ ಕಿಟಕಿ ಇಲ್ಲ, ಬೆಳಕೆಲ್ಲ ನೆತ್ತಿಯ ದುಂಡನೆಯ ಗಾಜಿನ ಗೂಡಿನಿಂದ. ಕೆಳಗೆ ಅದೇ ದುಂಡಿಗೆ ಒಪ್ಪುವಂತೆ ಲಟ್ಯೆನ್ಸ್ ಮಾಡಿಸಿದ ಬೀಚ್ ಮರದ ದುಂಡು ಮೇಜು. ಆ ಗಾಜಿನ ಗೂಡಿಗೆ ಕನ್ನಡದಲ್ಲಿ ಏನೆನ್ನಬೇಕೆಂದು ಎರಡು ವಾರ ತಡಕಾಡಿದ್ದೆ. ತಿಪಟೂರಿನ ಅಮ್ಮ ಒಳಗೆ ಕಾಲಿಟ್ಟವರೇ ಕತ್ತೆತ್ತಿ, "ಓ, ಬೆಳಕಿಂಡಿ!" ಎಂದರು. ಮರುಕ್ಷಣವೇ, "ಇದೂ ಸೋರುತ್ತಿತ್ತೇ?"