ಹೆಣ್ಣೇ ಇಲ್ಲದ ಟ್ಯಾಂಕ್

ಜೀಬ್ರಾ ಮೀನಿಗೆ ಮೂರು ತಿಂಗಳು ತುಂಬಿದರೆ ಗಂಡು ಯಾವುದು, ಹೆಣ್ಣು ಯಾವುದು ಅಂತ ಕಣ್ಣಿಗೇ ಗೊತ್ತಾಗುತ್ತದೆ. ಹೆಣ್ಣಿನ ಹೊಟ್ಟೆ ಉಬ್ಬಿರುತ್ತದೆ. ಗಂಡು ತೆಳ್ಳಗಿರುತ್ತದೆ, ಮೈಯಲ್ಲಿ ಸ್ವಲ್ಪ ಹಳದಿ ಛಾಯೆ. ಪಿಎಚ್‌ಡಿ ಶುರು ಮಾಡಿದ ವರ್ಷ, ಕೆಟ್ಟರೆ ಸ್ತನ ಕ್ಯಾನ್ಸರ್ ಅಪಾಯ ಹೆಚ್ಚಿಸುವ ಬಿಆರ್‌ಸಿಎ2 ಜೀನ್‌ನ ಎರಡು ಪ್ರತಿಯೂ ಕೆಟ್ಟಿರುವ ಮೀನುಗಳನ್ನು ಬೆಳೆಸಿದೆ. ಅವುಗಳಲ್ಲಿ ಉಬ್ಬಿದ ಹೊಟ್ಟೆ ಒಂದೂ ಕಾಣಲಿಲ್ಲ.

ಹೀಗಾಗುತ್ತದೆ ಅಂತ 2010ರಲ್ಲೇ ಪ್ರಕಟವಾಗಿತ್ತು. ಹಾಗಾಗಿ ಖುಷಿಯಿಂದ ಗೈಡ್ ಮೇಡಂ ಹತ್ತಿರ ಓಡಿದೆ. ಅವರು ಕೇಳಿದ್ದು ಒಂದೇ ಮಾತು: "ಸಿಬ್ಲಿಂಗ್ಸ್ ಎಣಿಸಿದ್ಯಾ?" ಎಣಿಸಿರಲಿಲ್ಲ. ನೋಡಿದರೆ ಜೀನ್ ಸರಿಯಿದ್ದ ಒಡಹುಟ್ಟಿದ ಮೀನುಗಳಲ್ಲೂ ಗಂಡೇ ಜಾಸ್ತಿ. ಲ್ಯಾಬಿನಲ್ಲಿ ಸಾಕುವ ಜೀಬ್ರಾ ಮೀನಿನ ತಳಿಗಳಲ್ಲಿ ನಮ್ಮ ಎಕ್ಸ್-ವೈ ಥರ ಲಿಂಗ ಹೇಳುವ ಸ್ಪಷ್ಟ ಕ್ರೋಮೋಸೋಮ್ ಇಲ್ಲ. ಮರಿಗಳನ್ನು ಒತ್ತೊತ್ತಾಗಿ ಬಿಟ್ಟರೆ, ಊಟ ಕಡಿಮೆಯಾದರೆ ಗಂಡಿನ ಕಡೆಗೇ ವಾಲುತ್ತವೆ. ನಾನು ಒಂದೇ ಟ್ಯಾಂಕಿಗೆ ವಿಪರೀತ ಮರಿ ಹಾಕಿದ್ದೆ. ಮೂರು ತಿಂಗಳ ಕೆಲಸ ಹೋಯಿತು.

ಎರಡನೇ ಸಲ ಪ್ರತಿ ಟ್ಯಾಂಕಿಗೂ ಮರಿಗಳನ್ನು ಎಣಿಸಿ ಬಿಟ್ಟೆ. ನೀರು 28.5 ಡಿಗ್ರಿ, 14 ಗಂಟೆ ಬೆಳಕು, 10 ಗಂಟೆ ಕತ್ತಲೆ. ಕೆಟ್ಟ ಜೀನ್‌ನವು, ಸರಿಯಿರುವವು ಎಲ್ಲವೂ ಒಟ್ಟಿಗೇ ಬೆಳೆದವು. ದೊಡ್ಡವಾದ ಮೇಲೆ ಮೊದಲು ಗಂಡು-ಹೆಣ್ಣು ಬರೆದುಕೊಂಡೆ. ಆಮೇಲೆ ಟ್ರೈಕೇನ್‌ನಲ್ಲಿ ಮಂಪರು ಬರಿಸಿ, ಬಾಲದ ತುದಿಯಿಂದ ಒಂದು ಚೂರು ತೆಗೆದು, ಪಿಸಿಆರ್ ಮಾಡಿ ಜೀನ್ ನೋಡಿದೆ. ಈ ಕ್ರಮವನ್ನು ಮಾತ್ರ ತಪ್ಪಿಸಬೇಡಿ. ಜೀನ್ ಮೊದಲೇ ಗೊತ್ತಿದ್ದರೆ ಹೊಟ್ಟೆಯೂ ನಮಗೆ ಬೇಕಾದ ಹಾಗೇ ಕಾಣುತ್ತದೆ. ಈ ಸಲ ಒಡಹುಟ್ಟಿದವುಗಳಲ್ಲಿ ಎರಡೂ ಇದ್ದವು. ಎರಡು ಪ್ರತಿಯೂ ಕೆಟ್ಟವು ಮಾತ್ರ ಎಲ್ಲಾ ಗಂಡು, ಅದೂ ಬಂಜೆ. ವೃಷಣವನ್ನು ತೆಳುವಾಗಿ ಕತ್ತರಿಸಿ ಬಣ್ಣ ಹಾಕಿ ನೋಡಿದರೆ ವೀರ್ಯಾಣು ಆಗಬೇಕಾದ ಕೋಶಗಳು ನಡುದಾರಿಯಲ್ಲೇ ನಿಂತಿದ್ದವು.

ಸ್ತನ ಕ್ಯಾನ್ಸರ್ ಜೀನ್‌ಗೂ ಮೀನಿನ ಮೊಟ್ಟೆಗೂ ಏನು ಸಂಬಂಧ ಅಂತ ಮನೆಯಲ್ಲಿ ಅಮ್ಮ ಕೇಳಿದ್ದರು. ಬಿಆರ್‌ಸಿಎ2 ಮಾಡುವುದು ತುಂಡಾದ ಡಿಎನ್‌ಎ ಜೋಡಿಸುವ ಕೆಲಸ. ಮೊಟ್ಟೆ, ವೀರ್ಯ ಆಗುವ ಕೋಶಗಳು ತಮ್ಮ ಡಿಎನ್‌ಎಯನ್ನು ತಾವೇ ಬೇಕಂತ ಕತ್ತರಿಸಿ ಮತ್ತೆ ಜೋಡಿಸಿಕೊಳ್ಳುತ್ತವೆ. ತಂದೆ-ತಾಯಿಯ ಜೀನ್‌ಗಳು ಬೆರೆಯುವುದೇ ಹಾಗೆ. ಜೋಡಿಸುವವರೇ ಇಲ್ಲದಿದ್ದರೆ ಮೊದಲು ಪೆಟ್ಟು ಬೀಳುವುದು ಅವುಗಳಿಗೇ, ಅಲ್ವಾ?

ಆದರೆ ಹೆಣ್ಣು ಯಾಕೆ ಗಂಡಾಗಬೇಕು? ನನಗೆ ತುಂಬ ಇಷ್ಟವಾದ ಭಾಗ ಇದು. ಜೀಬ್ರಾ ಮೀನಿನ ಮರಿ ಮುಂದೆ ಗಂಡಾಗಲಿ ಹೆಣ್ಣಾಗಲಿ, ಮೊದಲು ಎಳೆಯ ಮೊಟ್ಟೆಕೋಶಗಳನ್ನೇ ಮಾಡುತ್ತದೆ. ಮೂರು-ನಾಲ್ಕು ವಾರದ ಹೊತ್ತಿಗೆ ಆ ಕೋಶಗಳು ಸತ್ತರೆ ವೃಷಣ ಬೆಳೆಯುತ್ತದೆ. ಉಳಿದರೆ ಅಂಡಾಶಯ. ನನ್ನ ಮೀನುಗಳಲ್ಲಿ ಅವು ಉಳಿಯುತ್ತಿರಲಿಲ್ಲ. ಡಿಎನ್‌ಎ ಒಡೆದಿರುವುದು ಕಂಡರೆ ಕೋಶವನ್ನು ಸಾಯಿಸುವುದು ಗಡ್ಡೆ ತಡೆಯುವ ಇನ್ನೊಂದು ಜೀನ್, ಟಿಪಿ53. ಫಾಂಕ್‌ಎಲ್ ಎಂಬ ಡಿಎನ್‌ಎ ರಿಪೇರಿ ಜೀನ್ ಕೆಟ್ಟ ಮೀನುಗಳಲ್ಲೂ ಇದೇ ಕಥೆ ಅಂತ ಒರೆಗಾನ್ ವಿಶ್ವವಿದ್ಯಾಲಯದವರು 2010ರಲ್ಲಿ ತೋರಿಸಿದ್ದರು. ಅಲ್ಲಿನ ಗಂಡುಗಳು ಮಾತ್ರ ಬಂಜೆಯಲ್ಲ.

ಹಾಗಾದರೆ ಟಿಪಿ53 ಕೂಡ ಕೆಡಿಸಿದರೆ? ಎರಡೂ ಜೀನ್‌ನಲ್ಲಿ ಒಂದೊಂದು ಪ್ರತಿ ಕೆಟ್ಟ ಜೋಡಿಯಿಂದ ಶುರು ಮಾಡಿದರೆ 16ರಲ್ಲಿ ಒಂದು ಮರಿ ಮಾತ್ರ ಬೇಕಾದ್ದು. ಅದರ ಬದಲು ಟಿಪಿ53ರ ಎರಡು ಪ್ರತಿಯೂ, ಬಿಆರ್‌ಸಿಎ2ರ ಒಂದೇ ಪ್ರತಿಯೂ ಕೆಟ್ಟ ಜೋಡಿ ಇಟ್ಟುಕೊಂಡೆ. ಆಗ ನಾಲ್ಕರಲ್ಲಿ ಒಂದು ಸಿಗುತ್ತದೆ. ಎಂಟೂವರೆ ತಿಂಗಳ ಹೊತ್ತಿಗೆ ಟಿಪಿ53 ಕೆಟ್ಟ ಮೀನುಗಳಲ್ಲಿ ನರದ ಹೊದಿಕೆಯ ಗಡ್ಡೆಗಳು ಶುರುವಾಗುತ್ತವೆ. ಅಷ್ಟರೊಳಗೆ ಮರಿ ಮಾಡಿಸಿಕೊಳ್ಳಬೇಕು.

ಹೆಣ್ಣು ಬಂದವು. ಪಿಸಿಆರ್ ಮೂರು ಸಲ ಮಾಡಿದೆ, ನಂಬಲಾಗದೆ. ಬೆಳಿಗ್ಗೆ ಬೇಗ ಬಂದು ಗಂಡಿನ ಜೊತೆ ಬಿಟ್ಟೆ, ಮೊಟ್ಟೆಯನ್ನೂ ಇಟ್ಟವು. ಮಾರನೆಯ ದಿನ ತಟ್ಟೆ ನೋಡಿದರೆ ಭ್ರೂಣಗಳು ಮಂಕಾಗಿ ಬೆಳ್ಳಗಾಗಿದ್ದವು. ಕೋಶ ಸಾಯುವುದನ್ನು ತಡೆದಿದ್ದೆ, ಒಡೆದ ಡಿಎನ್‌ಎ ಒಡೆದೇ ಇತ್ತು. ಆ ತಟ್ಟೆ ತೊಳೆಯುವುದಕ್ಕೆ ಕೈ ಬರಲಿಲ್ಲ. ಸಂಜೆಯವರೆಗೂ ಮೈಕ್ರೋಸ್ಕೋಪ್ ಪಕ್ಕದಲ್ಲೇ ಇಟ್ಟುಕೊಂಡಿದ್ದೆ.